ಹತ್ತಿಕುಣಿಗೆ ಅಕ್ಷರ ಎಷ್ಟು?

ಐದೂ ಸ್ವರಗಳಿರುವ ಇಂಗ್ಲಿಷ್ ಪದ ಹೇಳಿ ಎಂದರೆ ಹೈಸ್ಕೂಲು ಮಕ್ಕಳು ತಡವರಿಸದೆ ‘ಎಜುಕೇಶನ್’ ಅನ್ನುತ್ತಾರೆ. ಅದರ ಸ್ಪೆಲ್ಲಿಂಗಿನಲ್ಲಿ ಎ, ಇ, ಐ, ಓ, ಯು ಐದೂ ಒಂದೊಂದು ಸಲ ಬರುತ್ತವೆ. ಇನ್ನೂ ಚುರುಕಾದವರು ‘ಅನ್‌ಕಾಪಿರೈಟಬಲ್’ ಹುಡುಕಿ ತಂದಾರು. ಅದರ 15 ಅಕ್ಷರಗಳಲ್ಲಿ ಒಂದೂ ಮರುಕಳಿಸುವುದಿಲ್ಲ. ಬೇಕಾದ ಅಕ್ಷರಗಳಿರುವ ಉದ್ದನೆಯ ಪದ ಹುಡುಕುವ ಈ ಆಟ ಕಂಪ್ಯೂಟರಿಗೆ ಬಲು ಸಲೀಸು. ಇಪ್ಪತ್ತಾರು ಸ್ವಿಚ್ಚುಗಳ ಒಂದು ಬೋರ್ಡು ಇದೆ ಎಂದುಕೊಳ್ಳಿ. ಪದದಲ್ಲಿರುವ ಅಕ್ಷರಗಳ ಸ್ವಿಚ್ಚು ಮಾತ್ರ ಆನ್, ಉಳಿದದ್ದೆಲ್ಲ ಆಫ್. ಹೀಗೆ ಪ್ರತಿ ಪದವೂ ಒಂದು-ಸೊನ್ನೆಗಳ ಸಾಲಾಗುತ್ತದೆ. ನಾವು ಹುಡುಕುವ ಅಕ್ಷರಗಳಿಗೂ ಅಂಥದೇ ಒಂದು ಸಾಲು. ಎರಡನ್ನೂ ಒಂದರ ಮೇಲೊಂದು ಇಟ್ಟು, ನಮಗೆ ಬೇಕಾದ ಸ್ವಿಚ್ಚುಗಳೆಲ್ಲ ಪದದಲ್ಲೂ ಆನ್ ಇದ್ದರೆ ಆ ಪದ ಪಾಸು. ನಿಘಂಟಿನ ಲಕ್ಷಗಟ್ಟಲೆ ಪದಗಳನ್ನು ಸಾಧಾರಣ ಫೋನೂ ಕ್ಷಣದಲ್ಲಿ ಜಾಲಾಡಿಬಿಡುತ್ತದೆ.

ಇದೇ ಆಟವನ್ನು ಕನ್ನಡದಲ್ಲಿ ಆಡಲು ಹೊರಟರೆ ಬೇರೆಯದೇ ತಕರಾರು. ಯಾದಗಿರಿ ಬಳಿಯ ಹತ್ತಿಕುಣಿಯ ಹೆಸರನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಅಕ್ಷರಗಳಿವೆ? ಓದು ಬರುವ ಯಾರೇ ಆದರೂ ಹ, ತ್ತಿ, ಕು, ಣಿ ಎಂದು ನಾಲ್ಕು ಎಣಿಸುತ್ತಾರೆ. ಪತ್ರಿಕೆಯ ಪದಬಂಧದಲ್ಲೂ ಅದಕ್ಕೆ ನಾಲ್ಕೇ ಚೌಕ. ಕಂಪ್ಯೂಟರನ್ನು ಕೇಳಿದರೆ ಒಂಬತ್ತು ಎನ್ನುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಹ, ತ, ಸ್ವರ ತೆಗೆಯುವ ವಿರಾಮ ಚಿಹ್ನೆ, ಮತ್ತೊಂದು ತ, ಗುಡಿಸು, ಕ, ಕೊಂಬು, ಣ, ಮತ್ತೆ ಗುಡಿಸು, ಇವಕ್ಕೆಲ್ಲ ಬೇರೆ ಬೇರೆಯಾಗಿ ಸಂಕೇತ ಬೀಳುತ್ತದೆ. ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 27. ವಿರಾಮ ಚಿಹ್ನೆ ಬಂದಲ್ಲಿ ಅಕ್ಷರ ಮುಗಿಯಿತೆಂದು ತಿಳಿಯುವ ತಂತ್ರಾಂಶಗಳೂ ಇವೆ. ಅವು ತ್ತಿಯನ್ನು ಸೀಳಿ ಐದು ಎನ್ನುತ್ತವೆ. ನನ್ನ ಮಟ್ಟಿಗೆ ನಾಲ್ಕೇ ಸರಿ. ಆದರೆ ಹುಡುಕಾಟಕ್ಕೆ ನಾಲ್ಕು ಸಾಲದು.

ಯಾಕೆಂದರೆ, ಇ ಸ್ವರ ಇರುವ ಪದಗಳನ್ನು ಕೊಡು ಎಂದು ಕೇಳಿದರೆ ಹತ್ತಿಕುಣಿ ಪಟ್ಟಿಗೆ ಬರುವುದೇ ಇಲ್ಲ. ಕಿವಿಗೆ ಅದು ಎರಡು ಸಲ ಕೇಳಿಸುತ್ತದೆ, ನಿಜ. ಆದರೆ ಬಿಡಿ ಇಕಾರದ ಸಂಕೇತ 3207, ಗುಡಿಸಿನದು 3263. ಕಂಪ್ಯೂಟರಿಗೆ ಇವೆರಡೂ ಪರಸ್ಪರ ಗುರುತಿಲ್ಲದವು. ಅಕಾರದ ಪಾಡು ಇನ್ನೂ ಕಷ್ಟ. ಹ ಎನ್ನುವಾಗ ಹ್ ಜೊತೆಗೆ ಅ ಇದ್ದೇ ಇದೆ, ಆದರೆ ಅದಕ್ಕೆ ಸಂಕೇತವೇ ಇಲ್ಲ.

ಪರಿಹಾರ ನಮ್ಮ ವ್ಯಾಕರಣ ಪಾಠದಲ್ಲೇ ಇದೆ: ವರ್ಣ ವಿಭಜನೆ. ಹ್ ಅ ತ್ ತ್ ಇ ಕ್ ಉ ಣ್ ಇ ಎಂದು ಬಿಡಿಸಿಕೊಂಡರೆ ಸ್ವಿಚ್ಚಿನ ಬೋರ್ಡು ಕನ್ನಡಕ್ಕೂ ಒಗ್ಗುತ್ತದೆ. ಇಂದಿನ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಈಗಿನ ಕಂಪ್ಯೂಟರುಗಳು ಒಂದೇ ಏಟಿಗೆ 64 ಬಿಟ್‌ಗಳನ್ನು ನಿಭಾಯಿಸುತ್ತವೆ. ಇಡೀ ವರ್ಣಮಾಲೆ ಒಂದೇ ಸಂಖ್ಯೆಯಲ್ಲಿ ಹಿಡಿಸಿ, ಹದಿನೈದು ಜಾಗ ಖಾಲಿ ಉಳಿಯುತ್ತದೆ. ಕೈಬಿಟ್ಟುಹೋದ ಱ, ೞ ಎರಡನ್ನೂ ಆರಾಮಾಗಿ ಕೂರಿಸಬಹುದು.

ಅಕ್ಷರ ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಎಲ್ಲಿದೆ ಎಂಬುದೂ ಬೇಕಾದಾಗ ಹುಡುಕಾಟ ರಂಗೇರುತ್ತದೆ. ಕಂಪ್ಯೂಟರ್ ಜಗತ್ತಿನಲ್ಲಿ ಇದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಾಧನವಿದೆ. ಅದನ್ನು ಬಳಸಿ ಪಠ್ಯದಲ್ಲಿ ವೇಗವಾಗಿ ಹುಡುಕುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಕನ್ನಡ ಕವಿಗಳು ಇಂಥ ಹುಡುಕಾಟವನ್ನು ಸಾವಿರ ವರ್ಷಗಳಿಂದ ತಲೆಯಲ್ಲೇ ನಡೆಸಿಕೊಂಡು ಬಂದಿದ್ದಾರೆ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ಆದಿಪ್ರಾಸದ ಕಟ್ಟಳೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಯಾದಗಿರಿಗೆ ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಅಲ್ಲಿಯ ಅಮೋಘವರ್ಷನ ಕಾಲದ ‘ಕವಿರಾಜಮಾರ್ಗ’ವೇ ಪ್ರಾಸದ ಬಗೆಗಳನ್ನು ಚರ್ಚಿಸುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನ ‘ಛಂದೋಂಬುಧಿ’ ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಿತು. ಈ ಸೀಮೆಯ ಊರುಗಳಲ್ಲೇ ಅವು ಸಿಗುತ್ತವೆ. ಸುರಪುರ, ಶಹಾಪುರಗಳಲ್ಲಿ ಎರಡನೆಯ ಅಕ್ಷರದ ಹಿಂದೆ ಹ್ರಸ್ವವಿದೆ, ಅದು ಸಿಂಹ. ಯಾದಗಿರಿಯಲ್ಲಿ ದೀರ್ಘ, ಅದು ಗಜ. ಕೆಂಭಾವಿಯಲ್ಲಿ ಬಿಂದು, ಅದು ವೃಷಭ. ಬೇರೆ ಬೇರೆ ವ್ಯಂಜನ ಕೂಡಿದ ಕೃಷ್ಣಾ ನದಿ ಶರಭ. ಒಂದೇ ವ್ಯಂಜನ ಇಮ್ಮಡಿಸಿದ ಹತ್ತಿಕುಣಿ ಹಯ. ವಿಸರ್ಗದ ಅಜ ಮಾತ್ರ ಊರ ಹೆಸರಲ್ಲಿ ಸಿಕ್ಕಲಿಕ್ಕಿಲ್ಲ; ‘ದುಃಖ’ವನ್ನೇ ನೆನೆಯಬೇಕು.

ಇದು ಬರೀ ನಾಮಕರಣವಲ್ಲ, ಖಚಿತವಾದ ಸೋಸುವಿಕೆ. ಹತ್ತಿಕುಣಿಯಿಂದ ಪದ್ಯ ಶುರುವಾದರೆ ಮುಂದಿನ ಸಾಲುಗಳಿಗೆ ಮುತ್ತು, ಕತ್ತಲೆ, ಬಿತ್ತನೆ ಸಲ್ಲುತ್ತವೆ. ತಕಾರವಿದ್ದರೂ ಮಾತು, ಅಂತರ ಸಲ್ಲುವುದಿಲ್ಲ. ಕನ್ನಡದಲ್ಲಿ ಪದಗಳ ಆಟ, ಹುಡುಕುವ ಆ್ಯಪ್ ಮಾಡಹೊರಟ ಎಂಜಿನಿಯರುಗಳು ಇಂಗ್ಲಿಷಿನ ತಂತ್ರಾಂಶವನ್ನು ಹಾಗೇ ಎತ್ತಿ ಕೂರಿಸುವ ಬದಲು ಒಮ್ಮೆ ನಾಗವರ್ಮನನ್ನು ತಿರುವಿಹಾಕಿದರೆ ಒಳ್ಳೆಯದು. ಕಿಟ್ಟೆಲ್ 1875ರಲ್ಲೇ ಅವನ ಗ್ರಂಥವನ್ನು ಅಚ್ಚು ಹಾಕಿಸಿದ್ದಾರೆ.

ಒಂದೇ ಅಕ್ಷರಕ್ಕಾಗಿ ಪದ ಹುಡುಕಿದವನೂ ನಮ್ಮಲ್ಲಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಟ್ಟ. ಇಂದು ನಾವು ಏಳು ಎಂದು ಬರೆಯುವುದು ಆಗ ಏೞು. ಆ ಉಚ್ಚಾರ ಅಳಿಯುತ್ತ ಬಂದಿದ್ದರಿಂದ ಎಲ್ಲಿ ೞ, ಎಲ್ಲಿ ಳ ಎಂದು ತಿಳಿಯಲು ಪಟ್ಟಿಯೇ ಆಧಾರವಾಯಿತು. ಯೂನಿಕೋಡಿನಲ್ಲೂ ೞಗೆ ಜಾಗ ಸಿಕ್ಕಿದೆ, ಆದರೆ ದಾಖಲಿಸಿದವರು ಅದಕ್ಕೆ ‘ಫ’ ಎಂದು ತಪ್ಪು ಹೆಸರು ಕೊಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಹೀಗಾಗಿ ಆ ತಪ್ಪು ಹೆಸರು ಇಂದಿಗೂ ಹಾಗೇ ಇದೆ. ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿದ್ದಾರೆ.