ಜಾಝ್‌ಗೆ ಬೆಂಗಳೂರಿನ ಲಯ: ಆರ್. ಎ. ರಮಾಮಣಿ ಅವರ ಸಂಯೋಜನೆಗಳು

ಬೆಂಗಳೂರಿನ ಜಾಝ್ ಚರಿತ್ರೆ ಸಾಮಾನ್ಯವಾಗಿ ದಂಡು ಪ್ರದೇಶದ ಕ್ಲಬ್ಬು, ಹೋಟೆಲುಗಳಿಂದ ಆರಂಭವಾಗುತ್ತದೆಯೇ ಹೊರತು, ಚಾಮರಾಜಪೇಟೆಯಲ್ಲಿ 1939ರಲ್ಲಿ ಮೊದಲಾದ ರಾಮನವಮಿ ಸಂಗೀತೋತ್ಸವವಾಗಲಿ, ರಾಜಾಜಿನಗರ, ವಿಜಯನಗರಗಳಿಂದ ಮಾಗಡಿ ರಸ್ತೆಯ ಸುಂಕದಕಟ್ಟೆಯವರೆಗಿನ ಬಡಾವಣೆಗಳ ರಾಮೋತ್ಸವದ ಚಪ್ಪರಗಳಾಗಲಿ ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಯುರೋಪಿನ ಜಾಝ್ ಲೋಕಕ್ಕೆ ಈ ನಗರ ಕೊಟ್ಟ ಬಹುಶಃ ಅತ್ಯಂತ ಗಟ್ಟಿಯಾದ ಕೊಡುಗೆ ಬಂದದ್ದು ಈ ಎರಡನೆಯ, ಅಂದರೆ ಕರ್ನಾಟಕ ಸಂಗೀತದ ಪರಂಪರೆಯಿಂದಲೇ. ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆ ಆ ಕೊಡುಗೆಯ ನೆಲೆಯಾದರೆ, ಮಣಿ ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿ ಅವರು ಅದರ ಸಂಯೋಜಕಿ.

ಕರ್ನಾಟಕ ಸಂಗೀತ ಮತ್ತು ಜಾಝ್ ಎರಡರಲ್ಲೂ ಮನೋಧರ್ಮಕ್ಕೆ ಮನ್ನಣೆಯಿದೆ. ಮೊದಲೇ ಗೊತ್ತಾಗಿರುವ ರಚನೆಯೊಂದನ್ನು ನುಡಿಸಿ, ಅದರ ಆಧಾರದ ಮೇಲೆ ಕಲಾವಿದರು ಆ ಕ್ಷಣಕ್ಕೆ ಹೊಳೆದದ್ದನ್ನು ಬೆಳೆಸಿ, ಮತ್ತೆ ರಚನೆಗೆ ಮರಳುವುದು ಎರಡಕ್ಕೂ ಸಾಮಾನ್ಯ. ತೊಡಕಿರುವುದು ಸ್ವರಗಳ ವಿಷಯದಲ್ಲಿ. ಹಲವು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಸ್ವರಮೇಳಗಳು, ಅಂದರೆ ಪಾಶ್ಚಾತ್ಯರು ಕಾರ್ಡ್ ಎಂದು ಕರೆಯುವ ಗುಚ್ಛಗಳು, ಒಂದಾದ ಮೇಲೊಂದರಂತೆ ಬದಲಾಗುತ್ತ ಹೋಗುವುದು ಜಾಝ್‌ನ ಬೆನ್ನೆಲುಬು. ಕರ್ನಾಟಕ ಸಂಗೀತದಲ್ಲಿ ತಂಬೂರಿಯ ಶ್ರುತಿ ಆದಿಯಿಂದ ಅಂತ್ಯದವರೆಗೆ ಕದಲುವುದಿಲ್ಲ. ಮೈಲ್ಸ್ ಡೇವಿಸ್ ಅವರು 1959ರ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯಲ್ಲಿ ಕಾರ್ಡ್‌ಗಳ ಓಟವನ್ನು ತಗ್ಗಿಸಿ, ಒಂದೊಂದು ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಲ್ಲುವ ಮಾರ್ಗವನ್ನು ಮುನ್ನೆಲೆಗೆ ತಂದ ಮೇಲೆ ಜಾಝ್ ಕಲಾವಿದರಿಗೆ ರಾಗಸಂಗೀತದ ಬಾಗಿಲು ಸುಲಭವಾಗಿ ತೆರೆಯಿತು.

ಆ ಬಾಗಿಲಿನಿಂದ ಒಳಬಂದವರಲ್ಲಿ ಚಾರ್ಲಿ ಮರಿಯಾನೊ ಮುಖ್ಯರು. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್ ನುಡಿಸಿ, ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದ್ದ ಈ ಹಿರಿಯರು ದಕ್ಷಿಣ ಭಾರತದ ನಾಗಸ್ವರವನ್ನು ಶಿಷ್ಯರಾಗಿ ಕುಳಿತು ಕಲಿತವರು. ಬೆಂಗಳೂರಿನ ಈ ಶಾಲೆಯ ತಂಡದೊಂದಿಗೆ ಅವರು 1983ರಲ್ಲಿ ಧ್ವನಿಮುದ್ರಿಸಿದ ‘ಜ್ಯೋತಿ’ಯನ್ನು ಜರ್ಮನಿಯ ಮ್ಯೂನಿಕ್ ನಗರದ ಇಸಿಎಂ ಸಂಸ್ಥೆ ಹೊರತಂದಿತು. ಮಣಿ ಅವರ ಮೃದಂಗ, ಆರ್. ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರ ಖಂಜಿರ, ರಮಾಮಣಿ ಅವರ ಗಾಯನ ಮತ್ತು ತಂಬೂರಿ, ಇವುಗಳ ಜೊತೆಗೆ ಮರಿಯಾನೊ ಅವರ ಸ್ಯಾಕ್ಸೊಫೋನ್ ಹಾಗೂ ಕೊಳಲು ಅಲ್ಲಿವೆ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಜಾಝ್ ಡ್ರಮ್‌ಗಳೂ ಇಲ್ಲ. ಕಾರ್ಡ್ ನುಡಿಸುವ ವಾದ್ಯಗಳು ಇಲ್ಲದ್ದರಿಂದ ಶ್ರುತಿ ತನ್ನ ಜಾಗದಲ್ಲೇ ಉಳಿದು, ಅತಿಥಿಯೇ ಆತಿಥೇಯರ ವ್ಯಾಕರಣಕ್ಕೆ ಒಗ್ಗಿಕೊಳ್ಳಬೇಕಾಯಿತು. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಮುಂತಾದ ಹೆಸರುಗಳುಳ್ಳ ಈ ಸಂಗ್ರಹದ ರಚನೆಗಳಲ್ಲಿ ಹೆಚ್ಚಿನವು ರಮಾಮಣಿ ಅವರವು ಎಂಬುದನ್ನು ಮರೆಯುವಂತಿಲ್ಲ. ಪೂರ್ವ-ಪಶ್ಚಿಮ ಸಂಗಮದ ಹೆಸರಿನಲ್ಲಿ ಬಂದ ಎಷ್ಟೋ ಧ್ವನಿಮುದ್ರಿಕೆಗಳಲ್ಲಿ ಪಾಶ್ಚಾತ್ಯರ ರಚನೆಗೆ ಭಾರತೀಯರು ಬಣ್ಣ ತುಂಬಲಷ್ಟೇ ಒದಗಿರುವಾಗ, ಇಲ್ಲಿ ರಚನೆಯೇ ಬೆಂಗಳೂರಿನದು.

ಆ ರಚನೆಗಳ ಬಲವಿರುವುದು ಲಯದಲ್ಲಿ. ಮೃದಂಗದ ಪಾಟಾಕ್ಷರಗಳನ್ನು, ಅಂದರೆ ಹೊಡೆತಗಳಿಗೆ ಸಂವಾದಿಯಾದ ‘ತಕಧಿಮಿ’, ‘ತಕಜೊಣು’ ಮುಂತಾದ ಸೊಲ್ಲುಗಳನ್ನು, ಬಾಯಲ್ಲೇ ನುಡಿಯುವ ಕಲೆಗೆ ಕೊನ್ನಕ್ಕೋಲ್ ಎಂದು ಹೆಸರು. ತಾಳದ ಪ್ರತಿಯೊಂದು ಎಣಿಕೆಯನ್ನು ಮೂರು, ನಾಲ್ಕು, ಐದು, ಏಳು ಅಥವಾ ಒಂಬತ್ತು ಭಾಗಗಳಾಗಿ ಒಡೆಯುವ ಕ್ರಮಕ್ಕೆ ನಡೆ ಎನ್ನುತ್ತಾರೆ. ಹಾಡುಗಾರಿಕೆಯ ಕಛೇರಿಯಲ್ಲಿ ಈ ಲೆಕ್ಕಾಚಾರ ಬಹುಪಾಲು ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯಗಳಿಗೆಂದೇ ಮೀಸಲಾದ ಭಾಗಕ್ಕೆ ಸೀಮಿತವಾಗಿರುತ್ತದೆ (ಆ ಹೊತ್ತಿಗೆ ಸಭಿಕರಲ್ಲಿ ಕೆಲವರು ಕಾಫಿಗೆ ಎದ್ದುಹೋಗುವುದೂ ಹಳೆಯ ಸಂಪ್ರದಾಯವೇ). ರಮಾಮಣಿ ಅವರು ಸ್ವರ, ಆಕಾರ, ಸೊಲ್ಲು ಮೂರನ್ನೂ ಒಂದೇ ಕಂಠದಲ್ಲಿ ಹೆಣೆದು, ಕೈತಟ್ಟಿನ ಲೆಕ್ಕವನ್ನು ಹಾಡಿನ ಒಡಲಿಗೇ ತಂದರು. ಸಾಹಿತ್ಯದ ಭಾಷೆ ಅರಿಯದ ಜಾಝ್ ಕಲಾವಿದರಿಗೂ ಅದರಿಂದ ಪ್ರವೇಶ ದೊರೆಯಿತು.

ಕಾರ್ಡ್‌ಗಳ ಎದುರಿನ ಪರೀಕ್ಷೆಯನ್ನೂ ರಮಾಮಣಿ ಅವರು ತಪ್ಪಿಸಿಕೊಳ್ಳಲಿಲ್ಲ. ಡಾರ್ಜಿಲಿಂಗ್ ಮೂಲದ ಪಿಯಾನೊ ವಾದಕ ಲೂಯಿಸ್ ಬ್ಯಾಂಕ್ಸ್ ಅವರ ಇಂಡೋ-ಜಾಝ್ ತಂಡದಲ್ಲಿ ಅವರು ಹಾಡಿದರು. ಮುಂದೆ ಜರ್ಮನಿಯ ಮೈಕ್ ಹರ್ಟಿಂಗ್ ಅವರ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಯೋಜನೆಯಲ್ಲಿ ಮರಿಯಾನೊ ಅವರೊಂದಿಗೆ ಡಬ್ಲ್ಯೂಡಿಆರ್ ಎಂಬ ಜರ್ಮನ್ ಪ್ರಸಾರ ಸಂಸ್ಥೆಯ ಬಿಗ್ ಬ್ಯಾಂಡ್ ಕೂಡ ಸೇರಿತು. ಬಿಗ್ ಬ್ಯಾಂಡ್ ಎಂದರೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಸಾಲುಗಳೇ ಇರುವ ದೊಡ್ಡ ತಂಡ. ಅಲ್ಲಿ ಎಲ್ಲರ ಪಾತ್ರವೂ ಕಾಗದದ ಮೇಲೆ ಬರೆದಿರಬೇಕಾಗುತ್ತದೆ. ಗಮಕಗಳನ್ನು, ಅಂದರೆ ಸ್ವರಗಳ ಕಂಪನ ಮತ್ತು ಜಾರುಗಳನ್ನು, ಹಾಗೆ ಬರೆದಿಡುವುದು ಕಷ್ಟ, ಲಯದ ವಿನ್ಯಾಸಗಳನ್ನು ಬರೆಯುವುದು ಅಷ್ಟು ಕಷ್ಟವಲ್ಲ. ಇಂತಹ ಮಿಲನಗಳು ರಾಗಕ್ಕಿಂತ ತಾಳದ ಮೂಲಕವೇ ಹೆಚ್ಚಾಗಿ ನಡೆಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಅಭ್ಯಾಸ ಮಾಡಿದ ರಮೇಶ್ ಶೋಥಮ್ ಜರ್ಮನಿಯಲ್ಲಿ ನೆಲೆಸಿ ಜಾಝ್ ತಂಡಗಳ ತಾಳವಾದ್ಯಗಾರರಾದರೆ, ಡಿಸ್ಸಿಡೆಂಟನ್ ಎಂಬ ಜರ್ಮನ್ ತಂಡ 1982ರಲ್ಲಿ ತನ್ನ ‘ಜರ್ಮನಿಸ್ತಾನ್’ ಧ್ವನಿಮುದ್ರಿಕೆಯನ್ನು ಈ ಶಾಲೆಯ ಕಲಾವಿದರೊಂದಿಗೇ ಮಾಡಿತು.

ಗಮಕ ಕಷ್ಟ, ಲಯ ಸುಲಭ ಎಂಬ ಮಾತು ಮೆಟ್ಟಿಲುಗಳಿರುವ ಗಿಟಾರ್‌ಗೂ ಅನ್ವಯಿಸುತ್ತದೆ. ಭಾರತೀಯ ಸಂಗೀತ ಮತ್ತು ಜಾಝ್ ಬೆರೆಸಿದ ‘ಶಕ್ತಿ’ ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರು ತಂತಿಯನ್ನು ಎಳೆದು ಗಮಕ ಹೊರಡಿಸುವುದಕ್ಕಾಗಿ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿಸಿ, ಅನುರಣನದ ತಂತಿಗಳನ್ನು ಕೂಡಿಸಿದ ವಿಶೇಷ ಗಿಟಾರ್ ಮಾಡಿಸಿಕೊಳ್ಳಬೇಕಾಯಿತು. ಸೊಲ್ಲುಗಳಿಗೆ ಅಂತಹ ಯಾವ ಮಾರ್ಪಾಡೂ ಬೇಕಿಲ್ಲವಾದ್ದರಿಂದ, ಅದೇ ಮೆಕ್‌ಲಾಫ್ಲಿನ್ ಮುಂದೆ ಖಂಜಿರ ವಾದಕ ಸೆಲ್ವಗಣೇಶ್ ಅವರೊಡನೆ ಕೊನ್ನಕ್ಕೋಲ್ ಕಲಿಸುವ ಡಿವಿಡಿಯೊಂದನ್ನು ಹೊರತಂದರು.