ವಾಹನದ ಯಜಮಾನರೂ ಡ್ರೈವರರ ಲೈಸೆನ್ಸೂ

ವರ್ತಕನೊಬ್ಬನು ಖಜಾಂಚಿಯನ್ನು ನೇಮಿಸಿಕೊಳ್ಳುವಾಗ ಜಾಮೀನು ಕೇಳುತ್ತಾನೆ. ಹಿಂದೆ ಎಲ್ಲಿದ್ದನು, ಏಕೆ ಬಿಟ್ಟನು, ನಡತೆ ಹೇಗೆ ಎಂದು ನಾಲ್ಕಾರು ಕಡೆ ವಿಚಾರಿಸುತ್ತಾನೆ. ತನ್ನ ಹಣವು ಪರರ ಕೈಸೇರುವಾಗ ಈ ಎಚ್ಚರಿಕೆಯು ಯುಕ್ತವೇ ಸರಿ. ಆದರೆ ಅದೇ ವರ್ತಕನು ಸರಕು ತುಂಬಿದ ಲಾರಿಯನ್ನು ಡ್ರೈವರನಿಗೆ ಒಪ್ಪಿಸುವಾಗ ಲೈಸೆನ್ಸಿನ ನಕಲನ್ನು ಒಮ್ಮೆ ತಿರುವಿ ನೋಡಿ, ಕಡತಕ್ಕೆ ಸೇರಿಸಿ ಸುಮ್ಮನಾಗುವುದುಂಟು. ಖಜಾಂಚಿಯು ತಪ್ಪಿದರೆ ಹೋಗುವುದು ಯಜಮಾನನ ಹಣ; ಡ್ರೈವರನು ತಪ್ಪಿದರೆ ಹೋಗುವುದು ದಾರಿಹೋಕರ ಪ್ರಾಣ. ಹೆಚ್ಚಿನ ವಿಚಾರಣೆಯು ಯಾರ ವಿಷಯದಲ್ಲಿ ಅವಶ್ಯವೆಂಬುದನ್ನು ವಾಚಕರೇ ವಿವೇಚಿಸಲಿ.

೨೦೨೨ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಮಡಿದರೆಂದು ಕೇಂದ್ರ ಸರಕಾರದ ವರದಿಯು ತಿಳಿಸುತ್ತದೆ. ಎಂದರೆ ಗಂಟೆಯೊಂದಕ್ಕೆ ಸುಮಾರು ೧೯ ಪ್ರಾಣಗಳು. ಇವೆಲ್ಲವೂ ಲೈಸೆನ್ಸಿಲ್ಲದವರಿಂದಾದ ಮರಣಗಳೆಂದು ನಾವು ಹೇಳುವುದಿಲ್ಲ. ತಡೆಯಲು ಸಾಧ್ಯವಿದ್ದ ಒಂದು ಕಾರಣವನ್ನಾದರೂ ಯಜಮಾನರು ತಡೆಯಬಾರದೆ ಎಂದಷ್ಟೇ ನಮ್ಮ ಪ್ರಶ್ನೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಊರ್ಜಿತವಾದ ಲೈಸೆನ್ಸಿಲ್ಲದವನಿಗೆ ವಾಹನವನ್ನು ನಡೆಯಿಸಲು ಅದರ ಯಜಮಾನನಾಗಲಿ, ಅದರ ಮೇಲ್ವಿಚಾರಕನಾಗಲಿ ಅವಕಾಶ ಕೊಡಕೂಡದೆಂದು ೧೯೮೮ರ ಮೋಟಾರು ವಾಹನಗಳ ಶಾಸನವು ವಿಧಿಸಿದೆ. ತಪ್ಪಿದವನಿಗೆ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಉಂಟು. ೨೦೧೯ರ ತಿದ್ದುಪಡಿಯಿಂದ ಈ ದಂಡವು ೫,೦೦೦ ರೂಪಾಯಿಗಳಿಗೆ ಏರಿತು.

ಆದರೆ ಕೆಲವರು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಮುಂದೊಡ್ಡಿ ನಿಶ್ಚಿಂತರಾಗಿದ್ದಾರೆ. ಲೈಸೆನ್ಸನ್ನು ಕಣ್ಣಾರೆ ನೋಡಿ, ವಾಹನವನ್ನು ನಡೆಯಿಸಿ ತೋರಿಸೆಂದು ಪರೀಕ್ಷಿಸಿ ಡ್ರೈವರನನ್ನು ನೇಮಿಸಿಕೊಂಡ ಯಜಮಾನನು, ಅದು ನೈಜವೇ ಎಂದು ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಲೇಬೇಕೆಂದಿಲ್ಲ ಎಂದು ೨೦೦೩ರಲ್ಲಿ ಆ ನ್ಯಾಯಾಲಯವು ಹೇಳಿದುದು ನಿಜ. ಈ ರಿಯಾಯಿತಿಯು ನೋಡಿದವನಿಗೆ ಹೊರತು ನೋಡದವನಿಗಲ್ಲ. ಯಜಮಾನನು ತಿಳಿದೂ ತಪ್ಪಿದನೆಂದು ಸಿದ್ಧವಾದರೆ, ವಿಮಾ ಕಂಪೆನಿಯು ನೊಂದವರಿಗೆ ಮೊದಲು ಪರಿಹಾರವನ್ನು ತೆತ್ತು ಬಳಿಕ ಅದನ್ನು ಯಜಮಾನನಿಂದಲೇ ವಸೂಲು ಮಾಡಬಹುದೆಂಬ ಮಾರ್ಗವನ್ನು ೨೦೦೪ರ ತೀರ್ಪು ಎತ್ತಿಹಿಡಿಯಿತು. ಅಲ್ಲದೆ ಇವೆಲ್ಲವೂ ಪರಿಹಾರದ ಹಣವನ್ನು ಯಾರು ಹೊರಬೇಕೆಂಬ ವ್ಯಾಜ್ಯದ ಮಾತುಗಳು. ವ್ಯಾಜ್ಯದಲ್ಲಿ ಗೆದ್ದ ಮಾತ್ರಕ್ಕೆ ಮಡಿದವನು ಮನೆಗೆ ಮರಳುವನೇ?

ನೇಮಕದ ದಿನ ಒಮ್ಮೆ ನೋಡಿದರೆ ಸಾಕೆಂಬುದೂ ಭ್ರಮೆಯೇ. ಬಾಡಿಗೆ ಮತ್ತು ಸರಕು ವಾಹನಗಳನ್ನು ನಡೆಯಿಸುವ ಲೈಸೆನ್ಸಿನ ಅವಧಿ ಐದೇ ವರ್ಷ. ಅವಧಿ ತೀರಿದ ಮೇಲೂ ಮೂವತ್ತು ದಿನ ಊರ್ಜಿತವೆಂಬ ಹಿಂದಿನ ಸಡಿಲಿಕೆಯನ್ನು ೨೦೧೯ರ ತಿದ್ದುಪಡಿಯು ತೆಗೆದುಹಾಕಿತು. ತಪ್ಪಿಗಾಗಿ ಅಧಿಕಾರಿಗಳು ಲೈಸೆನ್ಸನ್ನು ಅಮಾನತುಗೊಳಿಸಿದ್ದರೆ, ಕಡತದಲ್ಲಿರುವ ಹಳೆಯ ನಕಲು ಅದನ್ನು ಹೇಳುವುದಿಲ್ಲ. ವಾಹನದ ವರ್ಗವನ್ನೂ ನೋಡಬೇಕು: ಲಘು ವಾಹನದ ಲೈಸೆನ್ಸುಳ್ಳವನು ೭,೫೦೦ ಕಿಲೋಗ್ರಾಮಿನೊಳಗಿನ ಸರಕು ವಾಹನವನ್ನು ನಡೆಯಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ೨೦೨೪ರ ನವೆಂಬರಿನಲ್ಲಿ ತೀರ್ಮಾನಿಸಿತು, ಅದನ್ನು ಮೀರಿದ ಭಾರದ ಲಾರಿಗೆ ಆ ಲೈಸೆನ್ಸು ಸಲ್ಲದು.

ಹಿಂದೆ ಈ ವಿಚಾರಣೆಗಾಗಿ ದೂರದ ಕಚೇರಿಗಳಿಗೆ ಅಲೆಯಬೇಕಾಗಿತ್ತು. ಈಗ ಕೇಂದ್ರ ಸಾರಿಗೆ ಇಲಾಖೆಯ ‘ಸಾರಥಿ’ ಜಾಲತಾಣದಲ್ಲಿ ಲೈಸೆನ್ಸಿನ ಸಂಖ್ಯೆಯನ್ನೂ ಜನ್ಮದಿನಾಂಕವನ್ನೂ ನಮೂದಿಸಿದರೆ ಅದರ ಸ್ಥಿತಿಯು ಕುಳಿತಲ್ಲಿಯೇ ತಿಳಿಯುತ್ತದೆ. ಆದುದರಿಂದ ನೇಮಕಕ್ಕೆ ಮೊದಲು ಒಮ್ಮೆ, ಅನಂತರ ಆರು ತಿಂಗಳಿಗೊಮ್ಮೆ, ವಾಹನವು ಬದಲಾದಾಗಲೆಲ್ಲ ಮತ್ತೊಮ್ಮೆ ಇದನ್ನು ಪರಿಶೀಲಿಸಿ, ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡುವುದು ಪ್ರತಿಯೊಂದು ಕಂಪೆನಿಯ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಗುತ್ತಿಗೆದಾರನು ಕಳುಹಿಸಿದ ಡ್ರೈವರನನ್ನೂ ಇದರಿಂದ ಬಿಡಕೂಡದು.

ಇದು ಡ್ರೈವರರ ಮೇಲಿನ ಸಂಶಯವೆಂದು ಯಾರೂ ಭಾವಿಸಬಾರದು. ಒಂದು ದಿನದ ಕೂಲಿ ಹೋದೀತೆಂದು ಲೈಸೆನ್ಸಿನ ನವೀಕರಣವನ್ನು ಮುಂದೂಡುವ ಬಡವನೂ ಇದ್ದಾನು. ಅವಧಿ ತೀರುವ ಮುನ್ನವೇ ಅವನನ್ನು ಎಚ್ಚರಿಸಿ, ಆ ದಿನದ ಸಂಬಳವನ್ನು ಹಿಡಿಯದೆ ರಜೆಯನ್ನು ಕೊಡುವ ಯಜಮಾನನು ಡ್ರೈವರನ ಅನ್ನವನ್ನೂ ಪರರ ಪ್ರಾಣವನ್ನೂ ಏಕಕಾಲದಲ್ಲಿ ಕಾಯ್ದವನಾಗುತ್ತಾನೆ. ನಿಯಮವನ್ನು ಜನರಿಗೆ ಬೋಧಿಸುವ ಸರಕಾರಿ ಕಚೇರಿಗಳೂ ಶಾಲೆಗಳೂ ತಮ್ಮ ವಾಹನಗಳ ವಿಷಯದಲ್ಲಿ ಮೊದಲು ಇದನ್ನು ಆಚರಿಸಿ ತೋರಿಸಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಪಾಲಿಗೆ ನಿಜವಾಗದಿರಲಿ.