ಬಿಸಿಲಿದ್ದರೂ ಮಾವನ ಮನೆ ಫ್ಯಾನ್ ನಿಂತಿದ್ದೇಕೆ?



ದಸರಾ ರಜೆಯಲ್ಲಿ ನಾನು ಹೊಳೆನರಸೀಪುರದ ಮಾವನ ಮನೆಗೆ ಹೋಗಿದ್ದೆ. ಅವರ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಸುಡುಬಿಸಿಲು. ಆಗಲೇ ಕರೆಂಟ್ ಹೋಗಿ ಫ್ಯಾನ್ ನಿಂತುಬಿಟ್ಟಿತು! "ಸೋಲಾರ್ ಇದೆಯಲ್ಲ ಮಾವ?" ಅಂದೆ. ಮಾವ ನಕ್ಕು, "ಲೈನಲ್ಲಿ ಕರೆಂಟ್ ಇದ್ರೇನೇ ಇದು ಓಡೋದು ಕಣೋ" ಅಂದರು.

ಕಾರಣ ಇದು. ಬ್ಯಾಟರಿ ಇಲ್ಲದ ಸೋಲಾರ್ ಅನ್ನು ಕಂಬದ ಲೈನಿಗೇ ಸೇರಿಸಿರುತ್ತಾರೆ. ಮನೆಗೆ ಬೇಕಾಗಿ ಉಳಿದ ಕರೆಂಟ್ ಲೈನಿಗೆ ಹೋಗುತ್ತದೆ, ಮೀಟರ್ ಅದನ್ನೂ ಲೆಕ್ಕ ಇಡುತ್ತದೆ. ಲೈನ್ ಆಫ್ ಆದಾಗಲೂ ಹೀಗೆ ಹರಿದರೆ ಕಂಬ ಹತ್ತಿದ ಲೈನ್‌ಮನ್ ಗತಿಯೇನು? ಅದಕ್ಕೇ ಇನ್ವರ್ಟರ್ ತಾನೇ ನಿಂತುಬಿಡುತ್ತದೆ.

ಆದರೂ ಮಾವನಿಗೆ ಲಾಭವೇ. ಅವರ ಮನೆಗೆ ತಿಂಗಳಿಗೆ 300 ಯೂನಿಟ್ ಬೇಕು. 2023ರಲ್ಲಿ ಬಂದ ಗೃಹಜ್ಯೋತಿ 200 ಯೂನಿಟ್ ದಾಟಿದವರಿಗೆ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಮೂರಕ್ಕೆ 12. ಮಾವನಿಗೆ ಆದ ಖರ್ಚು 1,90,000 ರೂ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂ. ಸಹಾಯಧನ ಬಂತು. ಕೈಯಿಂದ ಹೋದದ್ದು 1,12,000. ಯೂನಿಟ್ಟಿಗೆ 6 ರೂಪಾಯಿಯಂತೆ ತಿಂಗಳಿಗೆ 1,800 ಉಳಿದರೆ ಐದು ವರ್ಷ ಎರಡು ತಿಂಗಳಿಗೆ ಅಸಲು ವಾಪಸ್. (ಭಾಗಾಕಾರ ನಾನೇ ಮಾಡಿದ್ದು, ಬೇಕಾದರೆ ಪರೀಕ್ಷಿಸಿ.)

ಚನ್ನರಾಯಪಟ್ಟಣದ ಅತ್ತೆ ಮನೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸುತ್ತ ತೆಂಗಿನ ಮರ. ಗರಿಯ ನೆರಳು ಬಿದ್ದರೆ ಪ್ಯಾನೆಲ್ ಮಂಕು.

ಇನ್ನು ಅರಕಲಗೂಡು ತಾಲ್ಲೂಕಿನ ನಮ್ಮ ಮನೆ. ಅಪ್ಪ ಸಾಲ ಮಾಡಿ ಬ್ಯಾಟರಿ ಸಮೇತ ಸೋಲಾರ್ ಹಾಕಿಸೋಣ, ದುಡ್ಡು ಉಳಿಯುತ್ತೆ ಅಂತಿದ್ದರು. ನಾನು ಬಿಲ್ ತೆಗೆದು ನೋಡಿದೆ. ತಿಂಗಳಿಗೆ 45 ಯೂನಿಟ್, ಗೃಹಜ್ಯೋತಿಯಿಂದ ಕಟ್ಟುವುದು ಸೊನ್ನೆ. ಸೊನ್ನೆಯಲ್ಲಿ ಉಳಿಸುವುದೇನು? ಬ್ಯಾಟರಿಗಂತೂ ಆ ಸಹಾಯಧನವೂ ಇಲ್ಲ.

ಬ್ಯಾಟರಿ ಲೆಕ್ಕವನ್ನೂ ನೋಡಿ. 12 ವೋಲ್ಟ್, 150 ಆಂಪಿಯರ್-ಅವರ್ ಅಂದರೆ 12 × 150 = 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಬೇಗ ಕೆಡುತ್ತದೆ, ಅರ್ಧ ಬಳಸಬೇಕು. ಅದರಲ್ಲಿ 9 ವ್ಯಾಟಿನ ನಾಲ್ಕು ಬಲ್ಬು, ಒಂದು ಫ್ಯಾನು ಸುಮಾರು 8 ಗಂಟೆ ನಡೆಯುತ್ತವೆ. ಬೆಲೆ 15,000 ರೂ. ಐದು ವರ್ಷ ಬಂದರೆ ದಿನಕ್ಕೆ 8 ರೂಪಾಯಿ. ಡಿಸ್ಟಿಲ್ಡ್ ವಾಟರ್ ಖರ್ಚು ಬೇರೆ.

ಇದನ್ನು ಓದಿ ಹೇಳಿದಾಗ ಅಜ್ಜಿ, "ದುಡ್ಡು ಉಳೀದಿದ್ರೆ ಹೋಗ್ಲಿ, ಮಳೆಗಾಲದಾಗೆ ರಾತ್ರಿ ಕೊಟ್ಟಿಗೇಲಿ ಹಸ ಕರು ಹಾಕ್ತಾ ಇದ್ರೆ ಬೆಳಕು ಬ್ಯಾಡ್ವೇನ್ಲಾ?" ಅಂದರು. ಅಜ್ಜಿ ಮಾತೂ ಸರಿ. ಹಾಸನದ ಇಸ್ರೋ ಕೇಂದ್ರದಿಂದ 1982ರಿಂದ ನಿಯಂತ್ರಿಸುವ ಉಪಗ್ರಹಗಳಿಗೂ ಸೋಲಾರೇ ಆಧಾರ. ಭೂಮಿಯ ನೆರಳಿಗೆ ಹೋದಾಗ ಅವೂ ಬ್ಯಾಟರಿಯಲ್ಲೇ ನಡೆಯುತ್ತವೆ. ಅಲ್ಲಿ ಉಳಿತಾಯದ ಮಾತೇ ಇಲ್ಲ, ಬ್ಯಾಟರಿ ಇಲ್ಲದಿದ್ದರೆ ಉಪಗ್ರಹವೇ ಇಲ್ಲ.

ಈಗ ಅಪ್ಪ ಪ್ಯಾನೆಲ್ ಬಿಟ್ಟು ಬರೀ ಯುಪಿಎಸ್, ಬ್ಯಾಟರಿ ತರೋಣ ಅನ್ನುತ್ತಿದ್ದಾರೆ. ಕರೆಂಟ್ ಇದ್ದಾಗ ಅದು ಚಾರ್ಜ್ ಆಗುತ್ತದೆ. ಎರಡು ದಿನ ಕರೆಂಟ್ ಬರದಿದ್ದರೆ? ಆಗ ಒಂದು ಸಣ್ಣ ಪ್ಯಾನೆಲ್ಲಾದರೂ ಬೇಕು ಅಂತ ನನ್ನ ವಾದ. ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.